ಮೀನು ಸಾಕಬೇಡಿ, ನೀರು ಸಾಕಿ

2021ರ ನವೆಂಬರಿನಲ್ಲಿ ಮಳೆ ಬಿಡದೆ ಹುಯ್ದು ನಮ್ಮೂರ ಕೆರೆ ಕೋಡಿ ಬಿತ್ತು. ದೊಡ್ಡಬಳ್ಳಾಪುರ ತಾಲ್ಲೂಕಿನವರಿಗೆ ಇದು ಎಂಥ ಸುದ್ದಿ ಅಂತ ನಲ್ಲಿ ತಿರುಗಿಸಿದ್ರೆ ಕಾವೇರಿ ಬರೋ ಊರಿನವರಿಗೆ ಅರ್ಥ ಮಾಡಿಸೋದು ಕಷ್ಟ. ನಮ್ಮ ಕಡೆ ವರ್ಷವಿಡೀ ಹರಿಯೋ ಹೊಳೆ ಇಲ್ಲ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿ ನಮ್ಮ ತಾಲ್ಲೂಕಿನಲ್ಲೇ ಹಾದು ಹೋಗುತ್ತೆ ನಿಜ. ಆದ್ರೆ ನನ್ನ ವಯಸ್ಸಿನವರು ಆ ನದಿಯನ್ನ ಹೆಚ್ಚಾಗಿ ನೋಡಿರೋದು ಭೂಪಟದಲ್ಲೇ. ಹಾಗಾಗಿ ಕೆರೆ ತುಂಬಿದಾಗ ಇಡೀ ಊರು ಏರಿ ಮೇಲೆ ನಿಂತಿತ್ತು. ಹೆಂಗಸರು ಬಾಗಿನ ಬಿಟ್ಟರು. ಹುಡುಗರು ಕೋಡಿ ನೀರಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು.

ಕೆಲವು ತಿಂಗಳಾದ ಮೇಲೆ, ನೀರು ಇಳೀತಾ ಬಂದಾಗ, ಚಿಕ್ಕಪ್ಪನ ಮಗ ವಾಟ್ಸಾಪಿನಲ್ಲಿ ಒಂದು ಫೋಟೋ ಕಳಿಸಿದ. ಪಂಚಾಯ್ತಿ ಹರಾಜಿನಲ್ಲಿ ಕೆರೆ ಹಿಡಿದವರ ಬಲೆ. ಕಾಟ್ಲಾ, ರೋಹು ಮಧ್ಯೆ ನಾಲ್ಕೈದು ಕಪ್ಪು ಮೀನು. ಮೈಮೇಲೆ ಮೊಸಳೆ ಥರ ಗಟ್ಟಿ ಚಿಪ್ಪು, ತಲೆ ಕೆಳಗೆ ಬಾಯಿ, ಮುಳ್ಳಿನಂಥ ರೆಕ್ಕೆ. ಕೆಳಗೆ ಬರೆದಿದ್ದ: "ಅಣ್ಣಾ, ಇದ್ಯಾವ್ ಮೀನು? ಬಲೆಯೆಲ್ಲಾ ಹರ್ದಾಕ್ತಾವೆ. ತಿನ್ನೋಕೂ ಯಾರೂ ತಗೊಳಲ್ಲ. ಇಂಟರ್‌ನೆಟ್ಟಲ್ಲಿ ಒಸಿ ನೋಡಿ ಹೇಳು."

ಇಂಟರ್‌ನೆಟ್ ಬೇಕಾಗಿರಲಿಲ್ಲ. ಅದು ಸಕ್ಕರ್ ಮೀನು. ಅಂಗಡಿಯವರ ಭಾಷೆಯಲ್ಲಿ 'ಟ್ಯಾಂಕ್ ಕ್ಲೀನರ್'. ಅದರ ತವರು ದಕ್ಷಿಣ ಅಮೆರಿಕ. 2012ರಲ್ಲಿ ಅದೇ ಜಾತಿಯ ಒಂದು ಮೀನನ್ನ ಮುಚ್ಚಳದ ಬಕೆಟ್ಟಿನಲ್ಲಿಟ್ಟು ಬೆಂಗಳೂರಿನಿಂದ ತಂದು ಅದೇ ಕೆರೆಗೆ ಬಿಟ್ಟವನು ನಾನು.

ನಾನು ಬಿಟ್ಟಿದ್ದು ಒಂದೇ. ಒಂಟಿ ಮೀನು ಸಂಸಾರ ಮಾಡಲ್ಲ. ಅಂದ್ರೆ ನನ್ನಂಥ ಪುಣ್ಯಾತ್ಮರು ಇನ್ನೂ ಇದ್ದಾರೆ. ಈ ಬರಹ ಅವರಿಗಾಗಿ. ಹಾಗೇ, ಇನ್ನೇನು ಒಂದು ಅಕ್ವೇರಿಯಂ ತಗೊಳ್ಳೋಣ ಅಂತ ಯೋಚನೆ ಮಾಡ್ತಿರೋ ನಿಮಗಾಗಿ.

ಮೊದಲು ನನ್ನ ಪುರಾಣ ಹೇಳಿಬಿಡ್ತೀನಿ. ಚಿಕ್ಕವನಿದ್ದಾಗ ನಾವು ಟವೆಲ್ಲಿನಲ್ಲಿ ಪಕ್ಕೆ ಮೀನು ಹಿಡಿದು ಮನೆ ಮುಂದಿನ ಕಲ್ಲುಬಾನಿಗೆ ಬಿಡ್ತಿದ್ವಿ. ದನ ನೀರು ಕುಡಿಯೋ ಬಾನಿ. ತಳದಲ್ಲಿ ಒಂದಿಷ್ಟು ಕೆಸರು, ಕೆರೆಯಿಂದ ಕಿತ್ತು ತಂದ ಪಾಚಿ ಗಿಡ, ಅಷ್ಟೇ. ಪಂಪಿಲ್ಲ, ಲೈಟಿಲ್ಲ, ಆಹಾರದ ಡಬ್ಬಿ ಇಲ್ಲ. ಸೊಳ್ಳೆ ಮರಿ ತಿಂದುಕೊಂಡು ಅವು ತಿಂಗಳುಗಟ್ಟಲೆ ಬದುಕ್ತಿದ್ವು. ಶಾಲೆಯಿಂದ ಕಬ್ಬನ್ ಪಾರ್ಕಿನ ಮತ್ಸ್ಯಾಲಯಕ್ಕೆ ಕರ್ಕೊಂಡು ಹೋಗಿದ್ರು. 1983ರಲ್ಲಿ ಶುರುವಾದ ಆ ಎಂಟು ಮೂಲೆಯ ಕಟ್ಟಡದಲ್ಲಿ ಗಾಜಿಗೆ ಮೂಗು ಒತ್ತಿ ನಿಂತಾಗಲೇ ತೀರ್ಮಾನ ಮಾಡಿದ್ದೆ, ದುಡಿಯೋಕೆ ಶುರು ಮಾಡಿದ ಮೇಲೆ ಇಂಥದ್ದೊಂದು ಮನೇಲಿರಬೇಕು.

ಬಿಇ ಮುಗೀತು, ಕೆಲಸ ಸಿಕ್ತು. ಮೊದಲ ವರ್ಷವೇ ಎರಡಡಿಯ ಗಾಜಿನ ತೊಟ್ಟಿ ಬಂತು. ನೀಲಿ ಕಲ್ಲು, ಪ್ಲಾಸ್ಟಿಕ್ ಗಿಡ, ಗುಳ್ಳೆ ಬಿಡೋ ಗೊಂಬೆ. ಅದೇ ದಿನ ಅದೇ ಕವರಿನಲ್ಲಿ ಎರಡು ಗೋಲ್ಡ್‌ಫಿಶ್, ನಾಲ್ಕು ಏಂಜೆಲ್, ಒಂದು ಸಕ್ಕರ್. "ಇದು ಗಲೀಜೆಲ್ಲ ತಿಂದು ಕ್ಲೀನ್ ಮಾಡುತ್ತೆ ಸಾರ್" ಅಂದ ಅಂಗಡಿಯವನು. ಹತ್ತು ದಿನದಲ್ಲಿ ಸಕ್ಕರ್ ಬಿಟ್ಟು ಮಿಕ್ಕಿದ್ದೆಲ್ಲ ಸತ್ತು ತೇಲಿದ್ವು. ಊರಿಗೆ ಫೋನ್ ಮಾಡಿದ್ರೆ ಅಮ್ಮ, "ಹೋಗ್ಲಿ ಬಿಡು ಮಗ, ನಿನ್ ಮೇಲೆ ಬರೋ ಕಂಟಕ ಅವು ತಗೊಂಡು ಹೋದ್ವು" ಅಂದರು. ನಾನು ನಂಬಿದೆ. ನಂಬೋದು ಸುಲಭ ಆಗಿತ್ತು. ಮತ್ತೆ ಮೀನು ತಂದೆ. ಮತ್ತೆ ಕಂಟಕ ಕಳೀತು. ಒಂದು ವರ್ಷದಲ್ಲಿ ನನ್ನ ಮೇಲೆ ಅಷ್ಟೊಂದು ಕಂಟಕ ಇದ್ದಿದ್ದೇ ಆಶ್ಚರ್ಯ.

ಕೊಂದಿದ್ದು ಕಂಟಕ ಅಲ್ಲ, ಅಮೋನಿಯಾ. ಮೀನು ಉಸಿರಾಡಿದ್ರೂ ಉಚ್ಚೆ ಹುಯ್ದರೂ ಅಮೋನಿಯಾ ಬರುತ್ತೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ. ಮೀನಿಗೆ ಅದು ವಿಷ. ಹಳೇ ನೀರಿನಲ್ಲಿ ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡುತ್ತೆ. ಅದು ಮಿತಿಯಲ್ಲಿದ್ರೆ ಮೀನು ತಡ್ಕೊಳ್ಳುತ್ತೆ. ಈ ಬ್ಯಾಕ್ಟೀರಿಯಾ ಕಲ್ಲು, ಮರಳು, ಸ್ಪಂಜಿನ ಮೇಲೆ ನೆಲೆ ನಿಲ್ಲೋಕೆ ನಾಲ್ಕರಿಂದ ಆರು ವಾರ ಬೇಕು. ನಾವು ಮಾಡೋದೇನು? ಮೊದಲ ದಿನವೇ ಏಳು ಮೀನು ಬಿಡ್ತೀವಿ. ಟೆಸ್ಟಿಂಗ್ ಇಲ್ಲದೆ ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಕೋಡ್ ತಳ್ಳಿದ ಹಾಗೆ. ನೀರು ಮಂಕಾದ ತಕ್ಷಣ ಭಾನುವಾರ ಎಲ್ಲ ಖಾಲಿ ಮಾಡಿ, ಕಲ್ಲನ್ನ ಸೋಪು ಹಾಕಿ ಉಜ್ಜಿ, ಆಗ ತಾನೇ ಹುಟ್ಟಿದ್ದ ಬ್ಯಾಕ್ಟೀರಿಯಾನೂ ಕೊಂದು, ಹೊಸ ನೀರು ತುಂಬಿಸ್ತೀವಿ. ಸ್ವಚ್ಛತೆ ಅಂತ ಹೆಸರು.

ಉಳಿದಿದ್ದು ಆ ಸಕ್ಕರ್. ಎರಡಿಂಚು ಇದ್ದಿದ್ದು ಒಂದಡಿ ಆಯ್ತು. ಅದು ಎಷ್ಟು ಬೆಳೆಯುತ್ತೆ ಅಂತ ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ತಿನ್ನೋದಕ್ಕಿಂತ ಹೇಲೋದೇ ಜಾಸ್ತಿ. ಮನೆ ಬದಲಿಸೋ ದಿನ ಬಂತು. ಸಾಯಿಸೋಕೆ ಮನಸ್ಸಿಲ್ಲ, ಇಟ್ಕೊಳ್ಳೋಕೆ ಜಾಗ ಇಲ್ಲ. ಕೆರೆಗೆ ಬಿಟ್ಟೆ. ಪಾಪ, ಸ್ವತಂತ್ರವಾಗಿ ಬದುಕ್ಲಿ ಅಂತ. ಫೋಟೋ ತೆಗೆದು ಫೇಸ್‌ಬುಕ್ಕಿಗೂ ಹಾಕಿದ್ದೆ. ತುಂಬಾ ಲೈಕ್ ಬಂದಿದ್ವು.

ಈಗ ಆ ಸ್ವಾತಂತ್ರ್ಯದ ಕಥೆ ಕೇಳಿ. ಸಕ್ಕರ್ ಮೀನು ಗಾಳಿಯನ್ನೇ ನುಂಗಿ ಉಸಿರಾಡಬಲ್ಲದು. ನೀರು ಕೆಟ್ಟರೂ, ಬತ್ತಿದರೂ ಸುಲಭಕ್ಕೆ ಸಾಯಲ್ಲ. ಮೈಮೇಲಿನ ಚಿಪ್ಪಿನಿಂದಾಗಿ ನಮ್ಮ ಕೊಕ್ಕರೆಗಳಿಗೆ ಅದನ್ನ ನುಂಗೋದು ಕಷ್ಟ. ಮೊಟ್ಟೆ ಇಡೋಕೆ ದಡದ ಮಣ್ಣಿನಲ್ಲಿ ಒಂದು ಮೀಟರಿನಷ್ಟು ಆಳಕ್ಕೂ ಬಿಲ ಕೊರೆಯುತ್ತೆ. ಕೆರೆಗೆ ದಡ ಅಂದ್ರೆ ಯಾವುದು ಸ್ವಾಮಿ? ಏರಿ. ನಮ್ಮ ಹಿರಿಯರು ಮಣ್ಣು ಹೊತ್ತು ಕಟ್ಟಿದ ಏರಿ. ಅದಕ್ಕೆ ಇಲಿ, ಏಡಿ ತೂತು ಸಾಲದು ಅಂತ ಬೆಂಗಳೂರಿನ ಸಾಫ್ಟ್‌ವೇರ್ ಇಂಜಿನಿಯರು ಅಮೆಜಾನ್ ಕಡೆಯ ಮೀನು ತಂದು ಬಿಟ್ಟಿದ್ದಾನೆ.

ಇದೇನು ಹೊಸ ಪಾಠ ಅಲ್ಲ. ಬೆಂಗಳೂರಿನ ಕೆರೆಗಳ ಮೇಲೆ ಹಸಿರು ಕಂಬಳಿ ಹೊದಿಸಿದ ಹಾಗೆ ಹಬ್ಬಿರೋ ನೀಲಿ ಹೂವಿನ ವಾಟರ್ ಹಯಸಿಂತ್ ಇದೆಯಲ್ಲ, ಅದೂ ದಕ್ಷಿಣ ಅಮೆರಿಕದ್ದೇ, ಹೂವು ಚೆನ್ನಾಗಿದೆ ಅಂತ ಅಲಂಕಾರಕ್ಕೆ ತಂದಿದ್ದು. ಇದು ಏಕಮುಖ ಸಂಚಾರವೂ ಅಲ್ಲ. ನಮ್ಮ ಹೊಂಡ, ಕಾಲುವೆಯಲ್ಲಿ ಕಳೆಯಾಗಿ ಬೆಳೆಯೋ ಹೈಡ್ರಿಲ್ಲಾ ಗಿಡ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲೋರಿಡಾ ಸೇರಿತು. ಅಲ್ಲಿನ ಸರೋವರಗಳಿಂದ ಅದನ್ನ ಕೀಳೋಕೆ ಅವರು ಇವತ್ತಿಗೂ ದುಡ್ಡು ಸುರೀತಿದ್ದಾರೆ. ನಮಗೆ ಅವರ ಅಂದ ಕಂಟಕ, ಅವರಿಗೆ ನಮ್ಮದು.

"ಸರ್ಕಾರವೇ ಸೊಳ್ಳೆಗೆ ಅಂತ ಮೀನು ಬಿಡಲ್ವಾ?" ಅಂತ ಕೇಳಬಹುದು. ಬಿಡುತ್ತೆ. ಗ್ಯಾಂಬೂಸಿಯಾ ಅನ್ನೋ ಮೀನನ್ನ 1928ರಲ್ಲೇ ಇಟಲಿಯಿಂದ ಭಾರತಕ್ಕೆ ತಂದರು, ಮಲೇರಿಯಾ ತಡೆಯೋಕೆ. ಇವತ್ತು ಅದೇ ಮೀನು ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಊರ ಜನ ಜ್ವರದಲ್ಲಿ ಸಾಯ್ತಿದ್ದಾಗ ಮಾಡಿದ ಕೆಲಸವೇ ಹೀಗಾಯ್ತು. ನನ್ನದು ಜ್ವರವೂ ಅಲ್ಲ, ಬರೀ ಮನೆ ಶಿಫ್ಟಿಂಗು.

ಇಷ್ಟಾದ ಮೇಲೆ ನಾನು ಮೀನಿನ ಸಹವಾಸ ಬಿಡಬೇಕಿತ್ತು. ಬಿಟ್ಟೂ ಇದ್ದೆ, ಎಂಟು ವರ್ಷ. 2020ರ ಲಾಕ್‌ಡೌನಿನಲ್ಲಿ ಊರಿಗೆ ಹೋದವನು ಹಿತ್ತಲಲ್ಲಿ ಅದೇ ಕಲ್ಲುಬಾನಿ ನೋಡಿದೆ. ಬೆಂಗಳೂರಿನಲ್ಲಿ ಪಂಪು, ಫಿಲ್ಟರು, ಔಷಧಿ ಹಾಕಿಯೂ ಸತ್ತ ಮೀನು, ಇಲ್ಲಿ ಏನೂ ಇಲ್ಲದೆ ಹೇಗೆ ಬದುಕ್ತಿದ್ವು? ಓದೋಕೆ ಶುರು ಮಾಡಿದೆ. ಡಯಾನಾ ವಾಲ್‌ಸ್ಟಡ್ ಅನ್ನೋ ಅಮೆರಿಕದ ಹೆಣ್ಣುಮಗಳು 1999ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ, 'ಇಕಾಲಜಿ ಆಫ್ ದಿ ಪ್ಲಾಂಟೆಡ್ ಅಕ್ವೇರಿಯಂ' ಅಂತ. ತಿರುಳು ಇಷ್ಟೇ: ತಳದಲ್ಲಿ ಮಾಮೂಲಿ ಮಣ್ಣು ಹಾಕಿ, ತುಂಬಾ ಗಿಡ ನೆಡಿ, ಬೆಳಕು ಬೀಳಲಿ, ಕಮ್ಮಿ ಮೀನು ಬಿಡಿ. ಮೀನಿಗೆ ವಿಷವಾದ ಅಮೋನಿಯಾ ಗಿಡಕ್ಕೆ ಊಟ. ಹೊಲಕ್ಕೆ ಯೂರಿಯಾ ಚೆಲ್ಲೋ ನಮ್ಮಪ್ಪನಿಗೆ ಇದನ್ನ ಹೇಳಿದ್ರೆ, "ಗೊಬ್ರ ಅಂದ್ರೆ ಅದೇ ಅಲ್ವೇನಪ್ಪ, ಇದುಕ್ಕೆ ಬುಕ್ಕು ಬೇರೆ ಬೇಕಾ?" ಅಂದರು.

ಹಾಗೆ ಶುರುವಾಯ್ತು ಎರಡನೇ ಇನ್ನಿಂಗ್ಸ್. ಈಗ ನಾವಿರೋದು ದೇವನಹಳ್ಳಿ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ. ಎರಡಡಿ ಉದ್ದ, ಒಂದಡಿ ಅಗಲದ ತೊಟ್ಟಿ, ಸುಮಾರು 65 ಲೀಟರ್ ನೀರು. ಗೊಬ್ಬರ ಹಾಕದ ಹಿತ್ತಲಿನ ಕೆಮ್ಮಣ್ಣು ಜರಡಿ ಹಿಡಿದು, ನಾಲ್ಕು ಸಲ ನೀರಲ್ಲಿ ನೆನೆಸಿ ತಿಳಿ ಚೆಲ್ಲಿ, ಒಂದಿಂಚು ಹಾಸಿದೆ. ಮಣ್ಣು ಮೇಲೇಳದ ಹಾಗೆ ಅದರ ಮೇಲೆ ಒಂದಿಂಚು ದಪ್ಪ ಮರಳು. ಊರಿನ ಕೃಷಿ ಹೊಂಡದಿಂದ ಹೈಡ್ರಿಲ್ಲಾ, ಪರಿಚಯದವರಿಂದ ರಿಬ್ಬನ್ ಥರದ ವ್ಯಾಲಿಸ್ನೇರಿಯಾ. ಗಿಡಗಳನ್ನ ಒಂದು ವಾರ ಬಕೆಟ್ಟಿನಲ್ಲಿಟ್ಟು ತೊಳೆದೆ, ಇಲ್ಲದಿದ್ರೆ ಏರೋಪ್ಲೇನ್ ಚಿಟ್ಟೆಯ ಮರಿ ಒಳಗೆ ಸೇರಿಕೊಂಡು ಮೀನು ಮರಿಗಳನ್ನ ತಿಂದು ಮುಗಿಸುತ್ತೆ. ಒಂದು ಸಣ್ಣ ಎಲ್‌ಇಡಿ ಲೈಟು, ದಿನಕ್ಕೆ ಏಳು ಗಂಟೆ. ಒಂದು ಸ್ಪಂಜ್ ಫಿಲ್ಟರು. ಎಲ್ಲ ಸೇರಿ ಒಂದು ಒಳ್ಳೇ ಶೂಗಿಂತ ಕಮ್ಮಿ ಖರ್ಚು.

ಆಮೇಲೆ ಆರು ವಾರ ಸುಮ್ಮನೆ ಕೂತೆ. ಮೀನಿಲ್ಲ. ಮಗಳು ದಿನಾ ಬಂದು "ಅಪ್ಪಾ, ಮೀನೆಲ್ಲಿ?" ಅಂತ ಕೇಳೋಳು. ಹೆಂಡತಿ, "ಕೆಸರು ನೀರನ್ನ ಹಾಲಲ್ಲಿಟ್ಟುಕೊಂಡು ಕಾಯ್ತಾ ಕೂತಿದ್ದೀರಲ್ಲ, ಬಂದವರಿಗೆ ಏನ್ರೀ ಹೇಳೋದು?" ಅಂದಳು. ಮೂರನೇ ವಾರ ನೀರು ಹಸಿರಾಯ್ತು. ಪಾಚಿ ಕೊಲ್ಲೋ ಔಷಧಿ ಆರ್ಡರ್ ಮಾಡೋಕೆ ಬೆರಳು ತುರಿಸ್ತಿತ್ತು. ಮಾಡಲಿಲ್ಲ. ಲೈಟು ಒಂದು ಗಂಟೆ ಕಮ್ಮಿ ಮಾಡಿ, ಮೇಲೆ ನಾಲ್ಕು ಅಂತರಗಂಗೆ ತೇಲಿಬಿಟ್ಟೆ. ಗಿಡಗಳು ಬೇರು ಬಿಟ್ಟ ಮೇಲೆ ನೀರು ತಾನಾಗೇ ತಿಳಿಯಾಯ್ತು. ಆಮೇಲೆ ಆರು ಜೀಬ್ರಾ ಡೇನಿಯೊ ಬಂದ್ವು.

ಡೇನಿಯೊ ಯಾಕೆ? ಅದು ನಮ್ಮ ದೇಶದ್ದೇ ಮೀನು. 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಗಂಗೆಯ ಮೀನುಗಳ ಬಗ್ಗೆ ಬರೆದ ಪುಸ್ತಕದಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಸಿಕ್ಕಿತು. ಇವತ್ತು ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಅದೇ ಇದೆ. ದೇವನಹಳ್ಳಿಯ ಚಳಿಗಾಲದ ರಾತ್ರಿ 14-15 ಡಿಗ್ರಿಗೆ ಇಳಿಯುತ್ತೆ, ಆದ್ರೂ ಮನೆಯೊಳಗೆ ಹೀಟರ್ ಇಲ್ಲದೆ ಅದು ತಡೆದುಕೊಳ್ಳುತ್ತೆ. ಫಾರಂಗಳಲ್ಲಿ ಮರಿ ಮಾಡಿ ಮಾರ್ತಾರೆ, ಹಾಗಾಗಿ ಯಾವ ಹೊಳೆಯನ್ನೂ ಬರಿದು ಮಾಡಬೇಕಾಗಿಲ್ಲ. ಇದನ್ನ ಯಾಕೆ ಹೇಳ್ತೀನಿ ಅಂದ್ರೆ, 'ಮಿಸ್ ಕೇರಳ' ಅಂತ ಮಾರೋ ಕೆಂಪು ಗೀರಿನ ಸುಂದರಿ ಪಶ್ಚಿಮ ಘಟ್ಟದ ಹೊಳೆಗಳದ್ದು. ಈ ಅಲಂಕಾರದ ವ್ಯಾಪಾರಕ್ಕೆ ಹಿಡಿದೂ ಹಿಡಿದೂ ಅದೀಗ ಅಳಿವಿನಂಚಿನ ಪಟ್ಟಿ ಸೇರಿದೆ.

ಈಗ ಜಗಳಕ್ಕೆ ಬರ್ತೀನಿ. ನನ್ನ ಟೀಮಿನಲ್ಲೊಬ್ಬ ಗೆಳೆಯ ಇದ್ದಾನೆ. ಅವನ ತೊಟ್ಟಿಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರು, ದೊಡ್ಡ ಫಿಲ್ಟರು, ಮೊಬೈಲಿನಲ್ಲಿ ಬಣ್ಣ ಬದಲಿಸೋ ಲೈಟು, ವಿದೇಶದ ಮಣ್ಣು. ನೋಡೋಕೆ ಸ್ವರ್ಗ. ಜಪಾನಿನ ತಕಾಶಿ ಅಮಾನೊ ಶುರು ಮಾಡಿದ ಈ ಶೈಲಿ ಒಂದು ಕಲೆ, ಒಪ್ಪಿಕೊಳ್ತೀನಿ. ಆದ್ರೆ ಅದು ಪ್ರತಿದಿನ ಕೈ ಹಿಡಿದು ನಡೆಸಬೇಕಾದ ಕಲೆ. ಗ್ಯಾಸು ಮುಗಿದ್ರೆ ಪಾಚಿ, ಹೆಚ್ಚಾದ್ರೆ ಮೀನು ಮೇಲೆ ಬಂದು ಬಾಯಿ ಬಿಡುತ್ತೆ, ಬಹಳ ಹೊತ್ತು ಕರೆಂಟು ಹೋದ್ರೆ ಫಿಲ್ಟರಿನೊಳಗಿನ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸಾಯುತ್ತೆ. ಹೋದ ಬೇಸಿಗೆ ಗಾಳಿಮಳೆಗೆ ಮರ ಬಿದ್ದು ನಮ್ಮ ಕಡೆ ಹತ್ತು ಗಂಟೆ ಕರೆಂಟಿರಲಿಲ್ಲ. ನನ್ನ ಮೀನುಗಳಿಗೆ ಅದು ಗೊತ್ತೇ ಆಗಲಿಲ್ಲ.

ನನ್ನ ತಕರಾರು ಗೆಳೆಯನ ಮೇಲಲ್ಲ, ಅವನು ಶ್ರದ್ಧೆಯಿಂದ ಮಾಡ್ತಾನೆ. ತಕರಾರು ನಮ್ಮೆಲ್ಲರ ಅಭ್ಯಾಸದ ಮೇಲೆ. ಏನೇ ಸಮಸ್ಯೆ ಬಂದ್ರೂ ಇನ್ನೊಂದು ವಸ್ತು ಕೊಂಡುಕೊಳ್ಳೋ ಅಭ್ಯಾಸ. ನೀರು ಮಂಕಾಯ್ತಾ, ಔಷಧಿ. ಪಾಚಿ ಬಂತಾ, ಸಕ್ಕರ್. ಸಕ್ಕರ್ ದೊಡ್ಡದಾಯ್ತಾ, ಕೆರೆ. ಕೊಳ್ಳೋದು ಎಲ್ಲಿ ಮುಗಿಯುತ್ತೋ ಅಲ್ಲಿ ಬಿಸಾಡೋದು ಶುರು. ಬಿಸಾಡೋದಕ್ಕೆ ನಾವು ಪುಣ್ಯ ಅಂತ ಹೆಸರಿಡ್ತೀವಿ.

ಇದರ ಇನ್ನೊಂದು ತುದಿ ಆಫೀಸ್ ಟೇಬಲ್ ಮೇಲಿನ ಗಾಜಿನ ಬೋಗುಣಿ. ಅದರಲ್ಲೊಂದು ಫೈಟರ್ ಮೀನು. "ಇದಕ್ಕೆ ಇಷ್ಟು ಜಾಗ ಸಾಕು" ಅಂತಾರೆ. ಫೈಟರ್ ಮೀನಿಗೆ ಗಾಳಿ ಉಸಿರಾಡೋ ಅಂಗ ಇದೆ, ಅದಕ್ಕೇ ಅಷ್ಟು ನೀರಲ್ಲೂ ಸಾಯಲ್ಲ. ಸಾಯದೇ ಇರೋದಕ್ಕೂ ಬದುಕೋದಕ್ಕೂ ವ್ಯತ್ಯಾಸ ಇದೆ ಅಂತ ಓಪನ್ ಆಫೀಸಿನಲ್ಲಿ ಕೂರೋ ನಮಗೆ ಬಿಡಿಸಿ ಹೇಳಬೇಕಾ? ಇಟಲಿಯ ರೋಮ್ ನಗರ 2005ರಲ್ಲೇ ದುಂಡನೆಯ ಬೋಗುಣಿಯಲ್ಲಿ ಗೋಲ್ಡ್‌ಫಿಶ್ ಇಡೋದನ್ನ ನಿಷೇಧಿಸಿತು. ನಾವಿನ್ನೂ ಅದನ್ನ ಹುಟ್ಟುಹಬ್ಬಕ್ಕೆ ಗಿಫ್ಟ್ ಕೊಡ್ತಿದ್ದೀವಿ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಪುರಿ ಹಾಕಿ ಕೈ ಮುಗಿಯೋ ಜನವೇ ನಾವು.

"ಹಾಗಾದ್ರೆ ಮೀನು ಸಾಕೋದೇ ತಪ್ಪಲ್ವಾ?" ಅಂತ ಹೆಂಡತಿ ಒಂದಿನ ಕೇಳಿದಳು. ಸಲೀಸಾದ ಉತ್ತರ ನನ್ನ ಹತ್ತಿರ ಇಲ್ಲ. ಗಾಜಿನೊಳಗಿನ ಮೀನು ಗಾಜಿನೊಳಗೇ ಇದೆ. ನಾನು ಹೇಳಬಲ್ಲೆ ಅಂದ್ರೆ ಇಷ್ಟು: ನಾನು ಸಾಕ್ತಿರೋದು ಈಗ ಮೀನನ್ನಲ್ಲ, ನೀರನ್ನ. ನೀರು ಸರಿ ಇದ್ರೆ ಮೀನು ತನ್ನ ಪಾಡಿಗೆ ಇರುತ್ತೆ. ತಿಂಗಳಿಗೊಮ್ಮೆ ಕಾಲು ಭಾಗ ನೀರು ಬದಲಿಸ್ತೀನಿ. ನಮ್ಮದು ಬೋರ್‌ವೆಲ್ ಗಡಸು ನೀರು. ಆವಿಯಾಗೋದು ನೀರು ಮಾತ್ರ, ಸುಣ್ಣ ಅಲ್ಲೇ ಉಳಿಯುತ್ತೆ, ಅದಕ್ಕೇ ಮೇಲಿಂದ ತುಂಬಿಸೋಕೆ ಮಳೆ ನೀರು ಹಿಡಿದಿಟ್ಟಿದ್ದೀನಿ. ಕಾವೇರಿ ನೀರು ಬರೋ ಕಡೆ ಅದರಲ್ಲಿ ಕ್ಲೋರಿನ್ ಇರುತ್ತೆ, ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟು ಹಾಕಬೇಕು. ಇಷ್ಟೇ ಕೆಲಸ. ಮಿಕ್ಕಿದ್ದು ನೋಡ್ತಾ ಕೂರೋದು.

ನೋಡ್ತಾ ಕೂತಾಗ ಒಂದು ವಿಷಯ ಹೊಳೀತು. ಕೆಸರು, ಗಿಡ, ಬಸವನಹುಳು, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ನಾನು ಗಲೀಜು ಅಂತ ಉಜ್ಜಿ ತೊಳೆದಿದ್ದ ಪ್ರತಿಯೊಂದಕ್ಕೂ ಅಲ್ಲಿ ಕೆಲಸ ಇದೆ. ಈಗ ನಗರದ 'ಅಭಿವೃದ್ಧಿ ಆದ' ಕೆರೆಗಳನ್ನ ನೋಡಿ. ಜೊಂಡು ಕಿತ್ತು, ಅಂಚಿಗೆಲ್ಲ ಕಲ್ಲು ಕಟ್ಟಿ, ಸುತ್ತ ವಾಕಿಂಗ್ ಟ್ರ್ಯಾಕು, ಮಧ್ಯೆ ಕಾರಂಜಿ. ಅದು ಕೆರೆಯಲ್ಲ, ಎಕರೆಗಟ್ಟಲೆ ದೊಡ್ಡ ಮೀನಿನ ಬೋಗುಣಿ. ಆಮೇಲೆ ಒಂದು ಬೆಳಗ್ಗೆ ಮೀನು ಸತ್ತು ತೇಲಿದ್ರೆ ಬೆಚ್ಚಿಬೀಳ್ತೀವಿ. ಎರಡಡಿ ತೊಟ್ಟಿಯಲ್ಲಿ ಮಾಡಿದ ತಪ್ಪನ್ನೇ ಇಪ್ಪತ್ತು ಎಕರೆಯಲ್ಲಿ ಮಾಡ್ತಿದ್ದೀವಿ. 1894ರಲ್ಲಿ ಹೆಸರಘಟ್ಟದಲ್ಲಿ ಅರ್ಕಾವತಿಗೆ ಕೆರೆ ಕಟ್ಟಿ ನೀರು ಕುಡಿದ ಊರು ಬೆಂಗಳೂರು. ಆ ಊರಿಗೆ ಕೆರೆ ಅಂದ್ರೆ ಏನು ಅಂತ ಗಾಜಿನ ತೊಟ್ಟಿ ಇಟ್ಟುಕೊಂಡು ಕಲಿಬೇಕಾಗಿದೆ.

ನಮ್ಮೂರಲ್ಲಿ ಹಿಂದೆ ನೀರಗಂಟಿ ಅಂತ ಒಬ್ಬರಿರ್ತಿದ್ದರು. ತೂಬು ಎತ್ತಿ ಯಾವ ಗದ್ದೆಗೆ ಎಷ್ಟು ನೀರು ಅಂತ ಬಿಡೋದು, ಏರಿಯಲ್ಲಿ ತೂತು ಬಿದ್ದಿದೆಯಾ ಅಂತ ನೋಡೋದು ಅವರ ಕೆಲಸ. ಕೆರೆ ಅವರದ್ದಲ್ಲ, ಕಾಯೋದು ಮಾತ್ರ ಅವರು. ಮೀನು ಸಾಕೋ ಆಸೆ ಇದ್ರೆ ನೀವೂ ಎರಡಡಿಯ ಕೆರೆಗೆ ನೀರಗಂಟಿ ಆಗಿ. ಓನರ್ ಆಗಬೇಡಿ. ಆರು ವಾರ ಕಾಯೋ ತಾಳ್ಮೆ ಇಲ್ಲದಿದ್ರೆ ಮನಿಪ್ಲಾಂಟ್ ಸಾಕಿ, ಅದೂ ಚೆನ್ನಾಗಿರುತ್ತೆ. ಮೀನು ತರೋ ಮುಂಚೆ ಅದು ಎಷ್ಟುದ್ದ ಬೆಳೆಯುತ್ತೆ ಅಂತ ಒಂದು ನಿಮಿಷ ಹುಡುಕಿ. ಇಟ್ಟುಕೊಳ್ಳೋಕೆ ಆಗದಿದ್ರೆ ಅಂಗಡಿಗೆ ವಾಪಸ್ ಕೊಡಿ, ಬೇರೆಯವರಿಗೆ ಕೊಡಿ, ಅದೂ ಆಗದಿದ್ರೆ ಮನಸ್ಸು ಗಟ್ಟಿ ಮಾಡಿ ಕೊಲ್ಲಿಸಿ. ಕೆರೆಗೆ ಮಾತ್ರ ಬಿಡಬೇಡಿ. ಮೀನೂ ಅಷ್ಟೇ, ಕತ್ತರಿಸಿದ ಗಿಡವೂ ಅಷ್ಟೇ. ನನ್ನ ಹೈಡ್ರಿಲ್ಲಾ ಈಗ ಒಣಗಿ ಗುಲಾಬಿ ಕುಂಡಕ್ಕೆ ಹೋಗುತ್ತೆ.

ಕೆರೆ ನೀರು ಇನ್ನಷ್ಟು ಇಳಿದ ಮೇಲೆ ಒಂದು ಶನಿವಾರ ಊರಿಗೆ ಹೋದೆ. ಬಲೆಯವರ ಜೊತೆ ಮಂಡಿಯುದ್ದ ಕೆಸರಲ್ಲಿ ನಿಂತು ಸಕ್ಕರ್ ಆರಿಸಿದ್ವಿ. ಹದಿನೇಳು ಸಿಕ್ಕಿದ್ವು. ಗುಂಡಿ ತೋಡಿ ಹೂತ್ವಿ. ಏರಿ ಬುಡದಲ್ಲಿ ಕೈ ಹಿಡಿಸುವಷ್ಟು ಅಗಲದ ಬಿಲಗಳಿದ್ವು, ಎಣಿಸೋಕೆ ಹೋಗಲಿಲ್ಲ. ಚಿಕ್ಕಪ್ಪನ ಮಗನಿಗೆ ಆವತ್ತೇ ನಿಜ ಹೇಳಿದೆ, "ಒಂದನ್ನ ಬಿಟ್ಟಿದ್ದು ನಾನೇ ಕಣೋ" ಅಂತ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮುಂದಿನ್ ಬ್ಯಾಸಿಗೆಗೂ ಬಾ ಅಣ್ಣಾ, ಇನ್ನೂ ಇರ್ತಾವೆ" ಅಂದ.

ಹೋಗ್ತೀನಿ.